ಮಾದೇವಿಯ ಬಲಗೈ

ಬನಹಟ್ಟಿಯ ಮಾದೇವಿ ನಾಲ್ಕು ಜನರ ಎದುರು ಬಲಗೈಯನ್ನು ಸದಾ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಬಸ್ಸಿನ ಕಂಬಿ ಹಿಡಿಯುವುದೂ, ಅಂಗಡಿಯಲ್ಲಿ ದುಡ್ಡು ಕೊಡುವುದೂ ಎಡಗೈಯಲ್ಲೇ. 'ಎಡಗೈಲೆ ಕೊಡ್ತಾಳ ನೋಡು' ಎಂದು ಅಂಗಡಿಯವರು ಗೊಣಗುತ್ತಿದ್ದರು. ಗೊಣಗಲಿ. ಪವರ್‌ಲೂಮಿನ ಪಟ್ಟಾ ಎಳೆದುಕೊಂಡು ಹೋದ ತೋರುಬೆರಳು, ನಡುಬೆರಳುಗಳ ಜಾಗವನ್ನು ಊರಿಗೆಲ್ಲ ತೋರಿಸುವುದಕ್ಕಿಂತ ಈ ಗೊಣಗಾಟವೇ ವಾಸಿ ಎಂದುಕೊಂಡಿದ್ದಳು.

ಮಗ್ಗ ಕೈಬಿಟ್ಟ ಮೇಲೆ ಕಾರ್ಖಾನೆಯ ಸಾವಕಾರ ಪ್ರೇಮಕುಮಾರ ಅವಳನ್ನು ಕಂಡಿಕೆ ಸುತ್ತಲು, ಅಂದರೆ ಲಾಳಿಯ ಕೊಳವೆಗೆ ನೂಲು ತುಂಬಲು, ಕೂರಿಸಿದ್ದ. ಆದರೆ ಅವಳು ಸುಮ್ಮನೆ ನೂಲು ಸುತ್ತುತ್ತ ಕೂರುವ ಪೈಕಿಯಲ್ಲ. ಸೀರೆಯ ಅಂಚಿನ ದಡಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯುವುದನ್ನು ನೋಡಿ ನೋಡಿಯೇ ಕಲಿತಳು. ಕಂಪ್ಯೂಟರ್ ರಿಪೇರಿಯ ಅಜಯ, ಗುಜರಿಗೆ ಹೊರಟಿದ್ದ ಕಂಪ್ಯೂಟರೊಂದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ ಅವಳ ಮನೆಗೇ ತಂದುಕೊಟ್ಟ. ಈಗ ಕಾರ್ಖಾನೆಯ ದಡಿಗಳೆಲ್ಲ ಅವಳವೇ. ಉದ್ದನೆಯ ದಡಿ ಪರದೆಯಲ್ಲಿ ಒಮ್ಮೆಗೆ ಹಿಡಿಸದು, ಸರಿಸುತ್ತಲೇ ಇರಬೇಕು. ಬೇರೆಯವರು ಮೌಸಿನ ಚಕ್ರ ತಿರುವುತ್ತಾರೆ. ತಿರುವುವ ಬೆರಳೇ ಇಲ್ಲದ ಮಾದೇವಿ, ಬಲಗೈಯಲ್ಲಿ ಉಳಿದ, ಮಡಚಲು ಬಾರದ ಉಂಗುರಬೆರಳಿನಿಂದ ಮೌಸಿನ ಗುಂಡಿ ಒತ್ತಿ, ಚಿತ್ರ ಸರಿಸಲೆಂದು ಪರದೆಯ ಅಂಚಿನಲ್ಲಿರುವ ದಪ್ಪ ಪಟ್ಟಿಯನ್ನು ಹಿಡಿದು ಎಳೆಯುತ್ತಿದ್ದಳು.

ಒಂದು ದಿನ ಅಜಯ ಬಂದು, 'ಹೊಸಾದು ಬಂದೈತ್ರಿ ಅಕ್ಕಾ, ಹಾಕಿಬಿಡ್ತೀನಿ' ಎಂದು ಲಿನಕ್ಸನ್ನು ಅಪ್‌ಡೇಟ್ ಮಾಡಿದ. ಅವಳು ಕೂತು ನೋಡುತ್ತಾಳೆ, ಪಟ್ಟಿಯೇ ಇಲ್ಲ. ಮೌಸಿನ ಬಾಣ ಹತ್ತಿರ ಹೋದರೆ ನೂಲಿನೆಳೆಯಷ್ಟು ಕಾಣುತ್ತದೆ, ಹಿಡಿಯುವಷ್ಟರಲ್ಲಿ ಮಾಯ. ಪರದೆ ಚಂದ ಕಾಣಬೇಕಂತೆ. ಯಾರ ಕಣ್ಣಿಗೆ? ಕೇಳದೆ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿಟ್ಟು ಹೋಗುವ ನೆಂಟರು ಇರುತ್ತಾರಲ್ಲ, ಅಂಥ ಉಪಕಾರ ಇದು.

'ಚಕ್ರಾ ತಿರುವ್ರಿ, ಈಗ ಪಟ್ಟಿ ಯಾರೂ ಹಿಡಿಯಂಗಿಲ್ಲ' ಎಂದ ಅಜಯ, ಮರುಕ್ಷಣ ನಾಲಿಗೆ ಕಚ್ಚಿಕೊಂಡ.

'ಹಳೇದನ್ನ ಮತ್ತ ಹಾಕು.'

'ಅದನ್ನ ಬಂದ್ ಮಾಡ್ಯಾರ್ರಿ. ಹಾಕಿದ್ರೂ ಮುಂದ ಇದ ಗತಿ.'

ಎಡಗೈಯಲ್ಲಿ ಮೌಸು ಹಿಡಿದು ನೋಡಿದಳು. ಹೂವು ಬರೆದರೆ ಬದನೆಕಾಯಿ ಆಯಿತು. ಸುದ್ದಿ ಕೇಳಿ ಪ್ರೇಮಕುಮಾರ ಮನೆಗೇ ಬಂದ. 'ಸೋಮವಾರಕ್ಕ ಹೊಸಾ ದಡಿ ಬೇಕ ಬೇಕು, ಮಾದೇವಿ. ಆಗದಿದ್ರ ಇಚಲಕರಂಜಿಯ ಡಿಸೈನಿನವ್ರ ಕಡೆ ಮಾಡಸ್ತೀನಿ. ನಿಂದೇನ ಚಿಂತಿಲ್ಲ, ಕಂಡಿಕಿ ಸುತ್ತಾಕ ಬಂದುಬಿಡು.' ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಲಿನಕ್ಸ್ ಮಾಡುವವರಿಗೆ ದೂರು ಬರೆಯುವ ಜಾಗವನ್ನು ಅಜಯ ತೋರಿಸಿದ. ಅವಳು ಕನ್ನಡದಲ್ಲಿ ಬರೆದಳು, ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿತು. ಯಾವ ದೇಶದಿಂದಲೋ ಉತ್ತರ ಬಂತು. ಪಟ್ಟಿ ಹಳೆಯ ಕಾಲದ್ದು, ಯಾರಿಗೂ ಬೇಡ, ಸ್ವಲ್ಪ ದಿನದಲ್ಲಿ ನಿಮಗೂ ರೂಢಿಯಾಗುತ್ತದೆ ಎಂದು. ಬೆರಳಿಲ್ಲದೆ ಬಾಳುವುದನ್ನೇ ರೂಢಿ ಮಾಡಿಕೊಂಡವಳಿಗೆ ರೂಢಿಯ ಪಾಠ ಹೇಳಲು ಹೊರಟಿದ್ದ, ಪುಣ್ಯಾತ್ಮ.

ಮಾದೇವಿಗೆ ಸಿಟ್ಟು ನೆತ್ತಿಗೇರಿತು. ಸೆರಗಿನಿಂದ ಬಲಗೈ ತೆಗೆದು ಮೌಸಿನ ಮೇಲಿಟ್ಟಳು.

'ಫೋಟೋ ತಗಿ.'

'ಯಾವದರದ್ರಿ?'

'ಈ ಕೈಯ್ದು.'

ಅಜಯ ಹಿಂಜರಿದ. 'ಜಗತ್ತೆಲ್ಲಾ ನೋಡ್ತೈತ್ರಿ, ಅಕ್ಕಾ.'

'ನೋಡ್ಲಿ. ನೋಡದ ಇದ್ದದ್ದಕ್ಕ ಹಿಂಗ ಆಗೇತಿ.'

ದೂರಿನ ಜಾಗದಲ್ಲೇ ಫೋಟೋ ಹಾಕಿಸಿ ಅದರ ಕೆಳಗೆ ಬರೆದಳು: ಈ ಕೈಗೆ ಚಕ್ರ ಸಿಗುವುದಿಲ್ಲ. ಪಟ್ಟಿ ಬೇಕು. ಕನಿಕರ ಬೇಡ.

ಮರುದಿನ ಬೆಳಿಗ್ಗೆ ಇನ್ನೊಬ್ಬರು ಯಾರೋ ಬರೆದಿದ್ದರು. ನಿಮ್ಮಂಥವರನ್ನು ನಾವು ನೆನೆದೇ ಇರಲಿಲ್ಲ, ತಪ್ಪಾಯಿತು, ಈ ಸಾಲುಗಳನ್ನು ಸೆಟ್ಟಿಂಗಿನಲ್ಲಿ ಸೇರಿಸಿ, ಪಟ್ಟಿ ಎಷ್ಟು ದಪ್ಪ ಬೇಕೋ ಅಷ್ಟು ಬರುತ್ತದೆ ಎಂದು. ಅಜಯ ಸೇರಿಸಿದ. ಹೆಬ್ಬೆರಳಿನಷ್ಟು ದಪ್ಪದ ಪಟ್ಟಿ ಬಂದು ಅಲ್ಲೇ ನಿಂತಿತು. ಬಣ್ಣವನ್ನೂ ಬದಲಿಸಬಹುದು ಎಂದಾಗ ಮಾದೇವಿ ಕೆಂಪು ಹಾಕಿಸಿದಳು. ಆಮೇಲೆ ಅವನನ್ನು ಹೊರಗೆ ಕಳಿಸಿ ಕೆಲಸಕ್ಕೆ ಕೂತಳು.

ಸೋಮವಾರ ಡಿಸೈನ್ ಇದ್ದ ಪೆನ್‌ಡ್ರೈವ್ ಹಿಡಿದು ಕಾರ್ಖಾನೆಗೆ ಹೋದಳು. ಪ್ರೇಮಕುಮಾರ ರೂಢಿಯಂತೆ ಅವಳ ಎಡಗೈಯತ್ತ ಕೈಚಾಚಿದ. ಮಾದೇವಿ ಬಲಗೈಯಿಂದ ಕೊಟ್ಟಳು. ಅವನು ಕ್ಷಣಕಾಲ ಆ ಕೈಯನ್ನೇ ನೋಡಿ, ಎರಡೂ ಕೈ ಒಡ್ಡಿ ತೆಗೆದುಕೊಂಡ.

'ಕಂಡಿಕಿ ಸುತ್ತಾಕ ಬ್ಯಾರೆಯವ್ರನ್ನ ನೋಡ್ಕೋರಿ, ಸಾವಕಾರ್ರ' ಎಂದಳು ಮಾದೇವಿ.