‘ಬಂದಿದ್ದರೆ’ ಎಂಬ ಮಂಗಳಪ್ರಶ್ನೆ

ನಮ್ಮ ಮನೆಯಲ್ಲಿ ಕುಂಕುಮ ಎಂದೂ ಮುಗಿಯುವುದಿಲ್ಲ, ‘ಹೆಚ್ಚಾಗುತ್ತದೆ’. ದೀಪ ಆರುವುದಿಲ್ಲ, ‘ಶಾಂತವಾಗುತ್ತದೆ’. ಹೊರಟ ಅತಿಥಿಯೂ ‘ಬರ್ತೇನ್ರಿ’ ಎನ್ನುತ್ತಲೇ ಹೊಸ್ತಿಲು ದಾಟುತ್ತಾನೆ. ಅಭಾವವನ್ನು ಬಾಯಿಬಿಟ್ಟು ಹೇಳಲೊಲ್ಲದ ಈ ಸೀಮೆಯಲ್ಲಿ ‘ಇಲ್ಲದಿದ್ದರೆ’ ಎಂಬ ಪ್ರಶ್ನೆಯನ್ನೇ ಹಿಡಿದು ಹೊರಟವಳು, ಓದುಗರೇ, ಜಮಖಂಡಿಯ ನನ್ನ ತಂಗಿಯ ಮಗಳು ಸುಮಂಗಲಾ.

ನದಿಯ ನೀರಿಗೂ ಹೆಣ್ಣುಮಕ್ಕಳ ಓದಿಗೂ ಇರುವ ನಂಟು ಅವಳ ಪಿಎಚ್.ಡಿ. ವಿಷಯ. ನೀರು ಬಂತು, ಹುಡುಗಿಯರು ಓದಿದರು ಎಂದರೆ ಸಾಲದು. ನೀರು ಬಾರದಿದ್ದರೆ ಏನಾಗುತ್ತಿತ್ತೆಂದು ಜನರ ಬಾಯಿಂದಲೇ ಕೇಳಿ ತರದಿದ್ದರೆ ಅಧ್ಯಾಯವನ್ನು ಒಪ್ಪುವುದಿಲ್ಲವೆಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ನನಗೋ ಹಿಗ್ಗು: ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರದು ಎಂದು ಬಾಲ್ಯದಲ್ಲಿ ಗುರುಗಳು ಕಲಿಸಿದ ವ್ಯತಿರೇಕವೇ ವಿಶ್ವವಿದ್ಯಾಲಯದ ಹೊಸ ಅಂಗಿ ತೊಟ್ಟು ಬಂದಿದೆಯಲ್ಲ! ಅವಳೊಡನೆ ಕೃಷ್ಣೆಗೆ ಬ್ಯಾರೇಜು ಕಟ್ಟಿರುವ ಹಿಪ್ಪರಗಿಗೆ ಹೊರಟೇಬಿಟ್ಟೆ.

ಪರಿಚಯದ ರೈತ ಸಿದ್ದಪ್ಪನ ಪಡಸಾಲೆಯಲ್ಲಿ ಅವನ ಹೆಂಡತಿ ಕಮಲವ್ವನನ್ನು ಸುಮಂಗಲಾ ಕೇಳಿದಳು: “ಅಕ್ಕಾ, ನಿಮ್ಮೂರಿಗೆ ನೀರು ಬರದಿದ್ದರ ಏನಾಗತಿತ್ತರೀ?”

“ಬಿಡ್ತು ಅನ್ನ ತಂಗಿ! ಹೊಳಿ ದಂಡಿ ಮ್ಯಾಲ ಕುಂತು ಎಂಥಾ ಮಾತ ಆಡತಿ!”

ವ್ಯತಿರೇಕದ ಲಕ್ಷಣವನ್ನು ವಿವರಿಸಲು ನಾನು ಗಂಟಲು ಸರಿಪಡಿಸಿಕೊಂಡೆ. “ಆಚಾರ್ರಿಗೆ ಮೊದಲ ಚಹಾ ಕೊಡ, ಗಂಟಲಾ ಒಣಗೇತಿ,” ಎಂದ ಸಿದ್ದಪ್ಪ. ಶಾಸ್ತ್ರ ಅಲ್ಲಿಗೇ ಶಾಂತವಾಯಿತು.

ಸುಮಂಗಲಾ ಹೊಸ ಹಾಳೆ ತಿರುವಿ ಕೇಳಿದಳು: “ನಿಮ್ಮ ತವರಮನಿ ಎಲ್ಲಿ ಅಕ್ಕಾ?”

“ಬೀಳಗಿ ಕಡೆ. ಒಣಭೂಮಿ.”

“ನೀವು ಸಣ್ಣವರಿದ್ದಾಗ ಆ ಊರಿಗೆ ನೀರು ಬಂದಿದ್ದರ?”

ಕಮಲವ್ವನ ಮುಖ ಅರಳಿತು. “ಬಂದಿದ್ದರ! ಕೊಡ ಹೊರೂದು ತಪ್ಪತಿತ್ತು, ನಡುವ ಸಾಲಿ ಬಿಡತಿದ್ದಿಲ್ಲ. ಕಲ್ತು ಸಾಲಿ ಅಕ್ಕೋರಾಗಿ ಕುರ್ಚಿ ಮ್ಯಾಲ ಕುಂದರತಿದ್ದೆ. ನೀರಿನ ಊರಂತ ನಮ್ಮಪ್ಪ ನನ್ನ ಈ ಮನಿಗ್ಯಾಕ ಕೊಡತಿದ್ದ?”

‘ಬಾರದಿದ್ದರೆ’ಗೆ ಮುಚ್ಚಿದ್ದ ಬಾಗಿಲು ‘ಬಂದಿದ್ದರೆ’ಗೆ ತೆರೆದಿತ್ತು. ಸುಮಂಗಲೆಯ ಪೆನ್ನು ಓಡತೊಡಗಿತು.

“ಖರೆ ಐತಿ, ಬರಕೋರಿ,” ಎಂದ ಸಿದ್ದಪ್ಪ. “ನನ್ನ ಹೆಸರೂ ಹಾಕ್ರಿ. ಆ ಊರಿಗೆ ನೀರು ಬರದ್ದಕ್ಕ ಛಲೋ ಆಗಿದ್ದು ನನಗೊಬ್ಬವಗ!”

“ಸುಮ್ನಿರ್ರಿ ಸಾಕು!” ಕಮಲವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. “ಇಲ್ಲೆ ನೀರೈತಂತ ನಮ್ಮ ಮಗಳು ಜಮಖಂಡಿ ಕಾಲೇಜಿಗೆ ಹೊಂಟಾಳ. ಅದನ್ನೂ ಬರಕೊ ತಂಗಿ.”

ನೀರಿದ್ದಲ್ಲಿ ಮಗಳು ಓದಿದ ಅನ್ವಯ, ನೀರಿಲ್ಲದಲ್ಲಿ ತಾಯಿ ಶಾಲೆ ಬಿಟ್ಟ ವ್ಯತಿರೇಕ ಎರಡೂ ಒಂದೇ ಪಡಸಾಲೆಯಲ್ಲಿ ಸಿದ್ಧಿಸಿದವು. ನಾನು ಚಹಾ ಕುಡಿದುದಷ್ಟೇ ನನ್ನ ಪಾಂಡಿತ್ಯ. ಅಧ್ಯಾಯಕ್ಕೆ ಒಪ್ಪಿಗೆ ದೊರೆತದ್ದು ಆಮೇಲಿನ ಮಾತು. ಅಂದು ಹಿಂದಿರುಗುವಾಗ ಬ್ಯಾರೇಜಿನ ಬಳಿ ನಿಂತು ಕೃಷ್ಣೆಗೆ ಕೈಮುಗಿದೆ: ಅವಳು ತಲುಪಿದ ಊರುಗಳಿಗಾಗಿ ಒಮ್ಮೆ, ಇನ್ನು ತಲುಪಲಿರುವ ಊರುಗಳಿಗಾಗಿ ಇನ್ನೊಮ್ಮೆ.