ಮಾವನ ಇಂಜಿನ್ನಿನ ಬಣ್ಣ

ಕೆಂಪಗಿತ್ತು ಎಂದೇ ಬರೆಯಹೊರಟೆ, ಆದರೆ ಕೆಂಪಗಿತ್ತೇ? ಕಣ್ಣು ಮುಚ್ಚಿದರೆ ಶ್ರೀನಿವಾಸಪುರದ ನಿಲ್ದಾಣದಲ್ಲಿ ಆ ಪುಟ್ಟ ಇಂಜಿನ್ ಕೆಂಪಗೇ ಬಂದು ನಿಲ್ಲುತ್ತದೆ. ಕಣ್ಣು ಮುಚ್ಚಿದಾಗ ಕಾಣುವುದನ್ನು ನಾನು ನಂಬುವುದಿಲ್ಲ.

ನಲವತ್ತರ ದಶಕ, ಯುದ್ಧದ ಕಾಲ. ನಾನು ಕೋಲಾರದಲ್ಲಿ ಮೇಷ್ಟರಾಗಿದ್ದೆ. ಸೀಮೆಗೆ, ಇಂಗ್ಲೆಂಡಿಗೆ, ವಾಪಸು ಹೊರಟಿದ್ದ ಬಿಳಿ ದೊರೆಯೊಬ್ಬ ಮಾರಿದ ಸಾಮಾನುಗಳಲ್ಲಿ ನನಗೊಂದು ಪೆಟ್ಟಿಗೆ ಸಿಕ್ಕಿತ್ತು. ಒಳಗೆ ಹಿತ್ತಾಳೆ, ತಗಡಿನ ಚೂರುಗಳು. ಜೋಡಿಸಿದರೆ ಗೇಣುದ್ದದ ಉಗಿ ಇಂಜಿನ್. ಜೋಡಿಸಿದ್ದಾಯಿತು. ಜೊತೆಗಿದ್ದ ಕಾಗದ ಬಣ್ಣವನ್ನೂ ಹೇಳುತ್ತಿತ್ತು, ಆದರೆ ಅವು ಸೀಮೆಯ ರೈಲುಗಳ ಬಣ್ಣಗಳು. ನನಗೆ ಬೇಕಿದ್ದದ್ದು ಮಾವನ ಇಂಜಿನ್ನಿನದು.

ಸೋದರಮಾವ ಮೂವತ್ತರ ದಶಕದಲ್ಲಿ ಕೋಲಾರದ ಸಣ್ಣ ರೈಲಿನಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದರು. ಜ್ವರ ಬಂದು ತೀರಿಕೊಂಡರು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಅವರ ಇಂಜಿನ್ ಗುಜರಿಗೆ ಹೋಗಿತ್ತು. ಆಮೇಲೆ ಬಂದವುಗಳ ಬಣ್ಣ ಬೇರೆ. ಅತ್ತೆ ಹೇಳಿದ್ದು ಇಷ್ಟೆ: "ಅವರ ಮುಖವಂತೂ ಇಲ್ಲ. ಅವರ ಗಾಡಿನಾದ್ರೂ ಇದ್ದಂಗೇ ಮಾಡ್ಕೊಡೋ. ಬೇರೆ ಯಾರ್ದೋ ಗಾಡಿ ತಂದಿಟ್ರೆ ನಾನ್ ಮುಟ್ಟಲ್ಲ ನೋಡು."

"ಕೆಂಪಲ್ವಾ ಅತ್ತೆ?"

"ಏನ್ ಕೆಂಪೋ! ಅಂಗಿ ಒಗ್ದೋಳು ನಾನು. ಒಂದಿನಾನೂ ನೀರಿಗೆ ಕೆಂಪು ಬಿಡ್ಲಿಲ್ಲ, ಬರೀ ಕರಿ."

ಅದು ಮಸಿಯ ಬಣ್ಣ, ಇಂಜಿನ್ನಿನದಲ್ಲ ಎಂದು ವಾದಿಸಿದೆ. ಗೆಲ್ಲಲಿಲ್ಲ. ಭಾನುವಾರ ಮಾಲೂರಿಗೆ ಹೋದೆ. ಇಂಜಿನ್ ಶೆಡ್ಡಿನಲ್ಲಿ ಮಾವನ ಇಂಜಿನ್ನನ್ನು ದಿನಾ ಒರೆಸುತ್ತಿದ್ದ ಮುದುಕ ಅಲ್ಲಿ ಇಟ್ಟಿಗೆ ಗೂಡುಗಳ ಹಿಂದೆ ಮಗಳ ಮನೆಯಲ್ಲಿದ್ದ. ನನ್ನ ಪ್ರಶ್ನೆ ಕೇಳಿ ಬಾಯ್ತುಂಬ ನಕ್ಕ.

"ಕೆಂಪಾ? ಅದು ಕೆಮ್ಮಣ್ಣು ನಾಯನಾ! ಆಯುಧಪೂಜೆಗೆ ನಾವೇ ಎಣ್ಣೇಲಿ ಕಲಸಿ ಮೈಯೆಲ್ಲಾ ಬಳೀತಿದ್ವಿ. ಸಾಹೇಬ್ರು ಬೈಯೋರು. ನೀನು ಶೆಡ್ಡಿಗೆ ಬರ್ತಿದ್ದಿದ್ದೇ ಅವತ್ತು, ಪುರಿಗಡ್ಲೆ ತಿನ್ನಕ್ಕೆ."

ನಿಜ, ಮಕ್ಕಳನ್ನು ಶೆಡ್ಡಿನೊಳಗೆ ಬಿಡುತ್ತಿದ್ದುದು ಆ ಒಂದೇ ದಿನ. ಹಾಗಾದರೆ ಶ್ರೀನಿವಾಸಪುರದಲ್ಲಿ ಕಂಡ ಕೆಂಪು? ಶೆಡ್ಡಿನ ಇಂಜಿನ್ನನ್ನು ನನ್ನ ತಲೆಯೇ ಅಲ್ಲಿಯವರೆಗೆ ಓಡಿಸಿರಬೇಕು.

"ಮಿಕ್ಕ ದಿನ ಯಾವ ಬಣ್ಣ?"

"ಒರೆಸಿದ್ರೆ ಹಸಿರು. ಒರೆಸ್ದಿದ್ರೆ ಕರಿ."

"ಎಂಥ ಹಸಿರು?"

ಮುದುಕ ಹುಣಸೆ ಮರ ತೋರಿಸಿದ. ಸ್ವಲ್ಪ ಯೋಚಿಸಿ, ಪಕ್ಕದ ಬಾಳೆ ತೋರಿಸಿದ. ಎರಡಕ್ಕೂ ಅಷ್ಟೇ ಗಟ್ಟಿಯಾಗಿ ತಲೆಯಾಡಿಸಿದ.

ಯುದ್ಧದ ಕಾಲದಲ್ಲಿ ಬಣ್ಣ ಸಿಗುವುದೇ ಕಷ್ಟ. ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಡಬ್ಬಿ ಹಸಿರು, ಕಿಟಕಿಗೆ ಬಳಿಯುವಂಥದು. ಹುಣಸೆಯೂ ಅಲ್ಲ, ಬಾಳೆಯೂ ಅಲ್ಲ. ಬಳಿದೆ. ಅತ್ತೆಯ "ಬರೀ ಕರಿ" ಚುಚ್ಚುತ್ತಿತ್ತು. ದೀಪದ ಮಸಿಯನ್ನು ಬೆರಳಲ್ಲಿ ತೀಡಿದೆ, ಒರೆಸಿದೆ, ಮತ್ತೆ ತೀಡಿದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಸುಸ್ತಾಗಿ ನಿಲ್ಲಿಸಿದೆ.

ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬಣ್ಣದ ಮಾತೇ ಎತ್ತಲಿಲ್ಲ. ಡ್ರೈವರೂ ಫೈರ್‌ಮನ್ನೂ ನಿಲ್ಲುವ ಜಾಗದೊಳಗೆ ಬೆರಳು ತೂರಿಸಿ ಕೇಳಿದರು:

"ಅವರು ನಿಂತ್ಕೋತಿದ್ದಿದ್ದು ಯಾವ್ ಕಡೆ?"

"ಎಡಗಡೆ" ಎಂದುಬಿಟ್ಟೆ.

ಬೆರಳು ಎಡಕ್ಕೆ ಸರಿಯಿತು. ಅಲ್ಲೇ ಇಟ್ಟುಕೊಂಡು ಕೂತರು.

ಮುದುಕನನ್ನು ಅದೊಂದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಆಮೇಲೆ ಹೋಗಿ ಕೇಳುವ ಧೈರ್ಯ ಬರಲಿಲ್ಲ. ಮಾವ ಯಾವ ಕಡೆ ನಿಲ್ಲುತ್ತಿದ್ದರೋ ನನಗೆ ಗೊತ್ತಿಲ್ಲ.