ಹಾಡು ಎತ್ತಿಕೊಟ್ಟಾಕಿ

ಅಕ್ಕಿ ಆರಿಸುವಾಗ ನಮ್ಮವ್ವ ಒಂದು ಧಾಟಿ ಗುನುಗುತ್ತಾಳೆ. ಅದಕ್ಕೆ ತಲೆಯಿಲ್ಲ, ಬುಡವಿಲ್ಲ. ಎರಡು ಮೆಟ್ಟಿಲು ಹತ್ತಿ ಅಲ್ಲೇ ಕುಂತು ಬಿಡುತ್ತದೆ, ಆಮೇಲೆ ಬೇಕೋ ಬೇಡವೋ ಅನ್ನುವಂತೆ ಒಂದು ಮೆಟ್ಟಿಲು ಇಳಿಯುತ್ತದೆ. ನಿನ್ನೆ ಮುಂಜಾನೆ ನಮ್ಮ ಮನೆಯವರು ಚಾ ಕುಡಿಯುತ್ತ, "ಅತ್ತಿ, ಇದೆಂಥಾ ಹಾಡ್ರಿ? ಘಾಟಿನ್ಯಾಗ ಲಾರಿ ನಿಂತಂಗ ಆಗತೈತಲ್ರಿ" ಅಂತ ಕಾಡಿಸಿದರು. ಅವ್ವ ಮೊರದಿಂದ ಮುಖ ಎತ್ತಲಿಲ್ಲ. "ನಿಮ್ಮ ಹೇಣ್ತಿನ್ನ ಕೇಳ್ರಿ. ಆಕಿ ಸಾಲ್ಯಾಗ ಕಲತದ್ದು" ಅಂದಳು. ನಾನೂ ನಕ್ಕೆ. ನಗುವಾಗ ಎದೆಯಲ್ಲಿ ಏನೋ ಚುಳ್ ಅಂತು.

ಆ ಚುಳ್ ಅಂದದ್ದು ಹಳೇದು. ಪುರುಸೊತ್ತಿದ್ದರೆ ಕೂಡ್ರಿ, ಹೇಳ್ತೀನಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವಿಜಾಪುರದ ಕಡೆಯಿಂದ ಬಂದ ನಾವು ಗೋವಾದ ಫೋಂಡಾದಲ್ಲಿ, ಕಟ್ಟಡದ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಇರುತ್ತಿದ್ದೆವು. ಅಪ್ಪ ಗೌಂಡಿ, ಅವ್ವ ಬುಟ್ಟಿ ಹೊರುವಾಕಿ. ಸ್ಲ್ಯಾಬ್ ಹಾಕುವ ದಿನ ನೀವು ನೋಡಬೇಕಿತ್ತು. ಕಾಂಕ್ರೀಟು ಒಣಗುವುದರೊಳಗೆ ಮೇಲೆ ಮುಟ್ಟಬೇಕು, ಹೀಗಾಗಿ ಹೆಂಗಸರೆಲ್ಲ ನೆಲದಿಂದ ಮಾಳಿಗೆಯ ತನಕ ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದರು. ಕೈ ತಾಳ ತಪ್ಪಬಾರದು ಅಂತ ಹಾಡು. ಎತ್ತಿಕೊಡುವಾಕಿ ನಮ್ಮವ್ವ, ಉಳಿದವರು ಹಿಂದೆ ಹಾಡುವವರು. ಒಬ್ಬಾಕಿಗೆ ದಮ್ಮು ಹತ್ತಿ ಹಾಡು ನಿಂತಿತೋ, ಹಾಡು ಗೊತ್ತಿದ್ದಾಕಿ ಎಲ್ಲೇ ಇರಲಿ, ತಕ್ಷಣ ಎತ್ತಿಕೊಡಬೇಕು. ಇಲ್ಲದಿದ್ದರೆ ಬುಟ್ಟಿ ಯಾರದೋ ಕಾಲ ಮೇಲೆ ಬೀಳುತ್ತದೆ. ಇದು ಆ ಸಾಲಿನ ಕಾಯ್ದೆ.

ನಾನು ಮಾತ್ರ ಶಾಲೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಘಟ್ಟದ ಮೇಲಿಂದ ಬಂದವರಿಗೆ ಗೋವಾದಲ್ಲಿ ಘಾಂಟಿ ಅಂತಾರೆ, ಅದೇನು ಹೊಗಳಿಕೆ ಅಲ್ಲ ಬಿಡ್ರಿ. ಬಾಯಿ ತೆರೆದರೆ ನನ್ನ ಕೊಂಕಣಿಯಲ್ಲಿ ಘಟ್ಟ ಕಾಣುತ್ತಿತ್ತು. ಏಳನೆಯ ಇಯತ್ತೆಯಲ್ಲಿ ಒಂದು ಮಧ್ಯಾಹ್ನ ನಳದ ಕೆಳಗೆ ಡಬ್ಬಿ ತೊಳೆಯುತ್ತ, ಯಾರೂ ಇಲ್ಲ ಅಂತ ಸ್ಲ್ಯಾಬಿನ ಹಾಡು ಹಾಡಿಕೊಳ್ಳುತ್ತಿದ್ದೆ. ಹಿಂದೆ ಸಂಗೀತದ ಫಿಲೊಮೆನಾ ಟೀಚರ್ ನಿಂತಿದ್ದರು! ಈಗ ಬೈತಾರೆ ಅಂತ ನಾನು ಡಬ್ಬಿ ಬಿಟ್ಟು ಎದ್ದು ನಿಂತೆ. "ಶನಿವಾರ ಕಾಯರಿಗೆ ಬಾ" ಅಂದು ಅವರು ಹೊರಟೇ ಹೋದರು. ಕಾಯರ್ ಅಂದರೆ ಶಾಲೆಯ ಹಾಡುವ ಮೇಳ.

ಮೊದಲ ಶನಿವಾರ ನಾನು ಹಾಡಿದ ಜೋರಿಗೆ ಪಕ್ಕದ ಸ್ಯಾಂಡ್ರಾ ಕಿವಿ ಮುಚ್ಚಿಕೊಂಡಳು. ಸಿಮೆಂಟ್ ಕಲಸುವ ಮಷೀನಿನ ಸದ್ದಿನ ಮೇಲೆ ಹಾಡಿ ರೂಢಿಯಾದ ಗಂಟಲು ಅದು, ಮೆಲ್ಲಗೆ ಹಾಡುವುದು ಅದಕ್ಕೆ ಹೇಗೆ ಗೊತ್ತಿರಬೇಕು? ಟೀಚರ್ ಪಿಟೀಲು ಕೆಳಗಿಟ್ಟು ನನ್ನ ಹತ್ತಿರ ಬಂದರು. "ಆಯ್ಕ ಗೋ, ಆಯ್ಕ" ಅಂದರು. ಕೇಳು ತಾಯಿ, ಕೇಳು ಅಂತ. ಪಕ್ಕದವಳ ದನಿ ನಿನ್ನ ಕಿವಿಗೆ ಬೀಳುವಷ್ಟೇ ಹಾಡಬೇಕು ಅಂದರು. ಅದು ನನಗೆ ದಕ್ಕಲು ಎರಡು ತಿಂಗಳು ಹಿಡಿಯಿತು. ಪಕ್ಕದವಳ ದನಿ ಕೇಳುತ್ತ ಕೇಳುತ್ತ ಆಕೆಯ ಮಾತೂ ಕೇಳತೊಡಗಿದೆ, ನಾನೂ ಆಡತೊಡಗಿದೆ. ಖರೇ ಹೇಳಬೇಕಂದ್ರೆ, ನನಗೆ ಕೊಂಕಣಿ ಬಂದದ್ದು ಆ ಸಾಲಿನಲ್ಲಿ ನಿಂತು. ಮಾತು ಬಂದ ಮೇಲೆ ಸುಳ್ಳೂ ಬಂತು. ನಮ್ಮಪ್ಪನ ಕೈಕೆಳಗೆ ಇಪ್ಪತ್ತು ಮಂದಿ ಇದ್ದಾರೆ ಅಂತ ಸ್ಯಾಂಡ್ರಾಗೆ ಹೇಳಿಬಿಟ್ಟೆ.

ನನ್ನ ಗಂಟಲು ದಪ್ಪ ಅಂತ ಟೀಚರ್ ನನ್ನನ್ನು ಎರಡನೆಯ ದನಿಗೆ ಹಾಕಿದರು. ಮೊದಲ ದನಿಯವರು ಹಾಡಿನ ಅಸಲು ಧಾಟಿ ಹಾಡುತ್ತಾರೆ. ಎರಡನೆಯವರು ಅದರ ಕೆಳಗೆ ಬೇರೆ ಸ್ವರ ಹಿಡಿದು ನಿಲ್ಲುತ್ತಾರೆ. ಕೂಡಿದರೆ ಚೆಂದ, ಒಂದನ್ನೇ ಕೇಳಿದರೆ ನಮ್ಮ ಮನೆಯವರು ಹೇಳಿದ ಲಾರಿಯೇ. ವಾರ್ಷಿಕ ಗ್ಯಾದರಿಂಗಿಗೆ ಟೀಚರ್ ಗದ್ದೆ ಕೊಯ್ಲಿನ ಮೇಲೆ ತಾವೇ ಒಂದು ಕೊಂಕಣಿ ಹಾಡು ಕಟ್ಟಿದ್ದರು. ಶೆಡ್ಡಿನಲ್ಲಿ ಒಲೆ ಮುಂದೆ ಕುಂತು ದಿನಾ ನನ್ನ ಪಾಲಿನದನ್ನು ಹಾಡುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತ ಕೇಳಿ ಕೇಳಿ ಕಲಿತುಬಿಟ್ಟಳು. "ಪಾಪ, ಭಾಳ ಸಪ್ಪನ ಹಾಡು ಕೊಟ್ಟಾರ ನಿಮಗ" ಅಂತ ಮರುಗಿದಳು. ಇಡೀ ಹಾಡೇ ಅದು ಅಂತ ಅವಳ ತಿಳಿವಳಿಕೆ. ನಾನೂ ಬಿಡಿಸಿ ಹೇಳಲಿಲ್ಲ.

ಗ್ಯಾದರಿಂಗಿನ ದಿನ ಮುಂಜಾನೆ, "ಅವ್ವಾ, ನೀ ಬರಬ್ಯಾಡ" ಅಂದೆ.

"ಯಾಕವಾ?"

"ಕುರ್ಚಿ ಕಡಿಮಿ ಅದಾವಂತ."

"ಆತು ಬಿಡು" ಅಂದಳು.

ಸಂಜೆ ಸ್ಟೇಜಿನ ಮೇಲೆ ನಿಂತು ನೋಡುತ್ತೇನೆ, ಹಾಲಿನ ಕೊನೆಗೆ ಗೋಡೆಗೆ ಆತು ನಿಂತಿದ್ದಾಳೆ! ಕುರ್ಚಿ ಬೇಡದಾಕೆಗೆ ಕುರ್ಚಿ ಕಡಿಮೆಯಾದರೇನು? ಕೆಲಸದಿಂದ ನೇರ ಬಂದಿದ್ದಳು, ಹಸಿರು ಸೀರೆಯ ನೆರಿಗೆಯ ತುಂಬ ಸಿಮೆಂಟು. ಸ್ಯಾಂಡ್ರಾ ನೋಡಿದಳೇನೋ ಅಂತ ಅತ್ತ ತಿರುಗಿದೆ. ಪಿಟೀಲು ಶುರುವಾಯಿತು, ಮೊದಲ ದನಿಯವರು ಎತ್ತಿದರು. ನನ್ನ ಸ್ವರ ಸಿಗಲಿಲ್ಲ. ಎರಡನೆಯ ದನಿಯಲ್ಲಿ ನಾವಿದ್ದದ್ದು ಆರು ಹುಡುಗಿಯರು, ಐವರು ನನ್ನನ್ನೇ ನೆಚ್ಚಿಕೊಂಡವರು. ನಾನು ನಿಂತೆ, ಅವರೂ ನಿಂತರು. ಟೀಚರ್ ಮುಖ ಬಿಳಿಚಿಕೊಂಡಿತು.

ಆಗ ಹಿಂದಿನ ಗೋಡೆಯಿಂದ ಒಂದು ದನಿ ಎದ್ದಿತು. ಮಾಳಿಗೆಗೆ ಮುಟ್ಟುವ ದನಿ. ಮಗಳ ಹಾಡು ನಿಂತಿದೆ, ತನಗೆ ಆ ಹಾಡು ಗೊತ್ತಿದೆ. ಅವಳಿಗೆ ಬೇರೆ ಏನೂ ಹೊಳೆದಿರಲಿಕ್ಕಿಲ್ಲ. ಕೊಂಕಣಿಯ ಶಬ್ದ ಅರ್ಧ ನುಂಗಿದ್ದಳು, ಸ್ವರ ಮಾತ್ರ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಹಾಲೆಲ್ಲ ಹಿಂತಿರುಗಿ ನೋಡಿತು. ನನ್ನ ಗಂಟಲು ತಾನಾಗಿ ತೆರೆಯಿತು, ಐವರೂ ಸೇರಿದರು. ನಾವು ಹಿಡಿದದ್ದು ಕೇಳಿದ ಕೂಡಲೆ ಅವ್ವ ಸುಮ್ಮನಾದಳು. ಚಪ್ಪಾಳೆ ಬಿತ್ತು ನೋಡ್ರಿ, ಇವತ್ತಿಗೂ ಕಿವಿಯಲ್ಲಿದೆ.

ಒಳಗೆ ಬಂದಾಗ ಟೀಚರ್ ಕಣ್ಣು ಒರೆಸಿಕೊಳ್ಳುತ್ತ, "ಹಿಂದಿನಿಂದ ಹಾಡಿದವರು ಯಾರು? ಯಾರಿಗಾದರೂ ಗೊತ್ತೇ?" ಅಂತ ಕೇಳಿದರು. ಸ್ಯಾಂಡ್ರಾ ನನ್ನ ಮುಖ ನೋಡುತ್ತಿದ್ದಳು. "ಕೋಣ್ ತರೀ ಕಾಮಾಚಿ ಬಾಯ್" ಅಂದೆ. ಯಾರೋ ಕೂಲಿ ಹೆಂಗಸು.

ಅಂದು ತಿರುಗುತ್ತೇನೆ, ಪಕ್ಕದ ಬಾಗಿಲಲ್ಲಿ ಹಸಿರು ಸೆರಗು ಸರಿದು ಹೋಯಿತು.

ರಾತ್ರಿ ಅವ್ವ ಅಪ್ಪನ ಮುಂದೆ ನನ್ನನ್ನು ಹೊಗಳಿದಳು, ನನ್ನ ತಾಟಿಗೆ ಬೆಣ್ಣೆ ಹಾಕಿದಳು. ಅವಳಿಗೆ ಕೇಳಿಸಿಲ್ಲ, ಕೇಳಿಸಿದ್ದರೂ ಕೊಂಕಣಿ ತಿಳಿದಿಲ್ಲ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಹತ್ತನೆಯ ತನಕ ಕಾಯರಿನಲ್ಲಿ ಹಾಡಿದೆ. ಸಾವಿರ ಮಂದಿಯ ಮುಂದೆ ನಿಲ್ಲುವ ಧೈರ್ಯ ಅಲ್ಲೇ ಬಂತು, ಇವತ್ತು ಮಕ್ಕಳಿಗೆ ಪಾಠ ಹೇಳಿ ಉಣ್ಣುತ್ತಿರುವುದೂ ಆ ಧೈರ್ಯದಿಂದಲೇ. ಆದರೆ ಅವ್ವ ಒಬ್ಬಳ ಮುಂದೆ ಈ ಮಾತು ತೆಗೆಯುವ ಧೈರ್ಯ ಮೂವತ್ತು ವರ್ಷ ದಾಟಿದರೂ ಬರಲಿಲ್ಲ. ನಾಚಿಕೆಯಾಗುತ್ತದೆ, ಹೇಳಿಕೊಳ್ಳುವುದಕ್ಕೂ.

ನಿನ್ನೆ ಮನೆಯವರು ಕೆಲಸಕ್ಕೆ ಹೋದ ಮೇಲೆ ಅವ್ವನ ಮಗ್ಗುಲಿಗೆ ಹೋಗಿ ಕುಂತೆ. "ಅವ್ವಾ, ಆವತ್ತು ಗ್ಯಾದರಿಂಗಿನ್ಯಾಗ ನಾ ಟೀಚರಿಗೆ ಏನಂದೆ, ನಿನಗ ಕೇಳಿಸಿತ್ತೇನು?"

"ಕೇಳಿಸಿತ್ತು."

"ತಿಳಿದಿತ್ತೇನು?"

"ಕಾಮಾಚಿ ಬಾಯ್ ಅಂದಿ. ಕೆಲಸದಾಗ ಮಂದಿ ದಿನಾ ನನ್ನ ಅದ ಹೆಸರಿಲೆ ಕರೀತಿದ್ರು, ತಿಳಿಯೂದಿಲ್ಲೇನು?"

ನನಗೆ ಅಳು ತಡೆಯಲಾಗಲಿಲ್ಲ. "ಇಷ್ಟ ವರ್ಷ ಯಾಕ ಸುಮ್ಮನಿದ್ದಿ?" ಅಂದೆ.

"ನೀನ ಹೇಳ್ತಿ ಅಂತ ಕಾಯ್ದೆ" ಅಂದಳು. ಅಂದು, ಒದ್ದೆ ಕೆನ್ನೆಗೆ ಅಂಟಿದ್ದ ನನ್ನ ಕೂದಲು ಸರಿಸಿದಳು.

ಹೇಳಿದೆ, ನೋಡ್ರಿ. ಅವಳಿಗೂ ಹೇಳಿದೆ, ಈಗ ನಿಮ್ಮ ಮುಂದೆಯೂ ಹೇಳುತ್ತಿದ್ದೇನೆ. ಆವತ್ತು ಹಿಂದಿನ ಗೋಡೆಗೆ ನಿಂತು ಹಾಡು ಎತ್ತಿಕೊಟ್ಟಾಕಿ ನಮ್ಮವ್ವ. ಹೆಸರು ಯಲ್ಲವ್ವ.